ಅಂಬ್ರೀನಳ ಬೆನ್ನು, ಉಸ್ಮಾನ್ ಸಾಬರ ಕೈ

ಹಿರಿಯೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ. ಇಪ್ಪತ್ತಾರು ವರ್ಷದಿಂದ ಅದೇ ಕೌಂಟರು, ಅದೇ ಸ್ಟೂಲು. ಹೆಸರು ಮಾರುತೇಶ್. ಬೆನ್ನ ಹಿಂದೆ ಜನ ‘ಸಿಡುಕ ಮಾರುತೇಶ’ ಅನ್ನುತ್ತಾರೆ ಎಂಬುದೂ ಗೊತ್ತು. ಚೀಟಿ ತರದೆ ಬಂದು ‘ಮೊನ್ನೆ ಒಯ್ದಿದ್ನಲ್ಲ, ಆ ಕೆಂಪು ಗುಳಿಗೆ ಕೊಡ್ರಿ’ ಅನ್ನುವವರ ಜೊತೆ ದಿನವಿಡೀ ನಗುನಗುತ್ತಾ ಇರುವ ಮಹಾನುಭಾವರು ಯಾರಾದರೂ ಇದ್ದರೆ ಒಂದು ದಿನ ಬಂದು ನನ್ನ ಸ್ಟೂಲಿನ ಮೇಲೆ ಕೂರಲಿ, ಆಮೇಲೆ ಮಾತಾಡೋಣ.

ಈಗ ಹೇಳಬೇಕಾದ್ದು ಅಂಬ್ರೀನಳ ವಿಷಯ. ವಯಸ್ಸು ಇಪ್ಪತ್ತೇಳು. ವೇದಾವತಿ ಹೊಳೆಯ ಕಡೆಗಿರುವ ಓಣಿಯಲ್ಲಿ ಅಪ್ಪನ ಜೊತೆ ಇರುತ್ತಾಳೆ. ಸೀರೆಗೆ ಕುಚ್ಚು ಕಟ್ಟುವುದು, ಫಾಲ್ ಹಚ್ಚುವುದು ಅವಳ ಕೆಲಸ. ಅಪ್ಪ ಉಸ್ಮಾನ್ ಸಾಬರು ಪಿಂಜಾರರು. ಮನೆಮಾತು ಕನ್ನಡವೇ. ಮುತ್ತಜ್ಜನ ಕಾಲದಿಂದ ಅವರದು ಅರಳೆ ಹಿಂಜಿ ಹಾಸಿಗೆ ದಿಂಬು ಹೊಲಿಯುವ ಕಸುಬು. ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತುಕೊಂಡು ಹರಿಯಬ್ಬೆಯವರೆಗೂ ನಡೆದು ಹೋಗಿ, ಗಂಟುಗಂಟಾದ ಹಳೇ ಹಾಸಿಗೆ ಬಿಚ್ಚಿ, ಅರಳೆಯನ್ನು ಬಿಲ್ಲಿನ ದಾರಕ್ಕೆ ಹಿಡಿದು ಹೊಡೆದು ಹೂವಿನ ಹಾಗೆ ಮಾಡಿ ತುಂಬಿ ಕೊಡುತ್ತಿದ್ದರು. ನನ್ನ ಮದುವೆಯ ಹಾಸಿಗೆ ಹೊಲಿದವರೂ ಅವರೇ. ಹೆಂಡತಿ ತೀರಿಹೋಗಿ ಒಂಬತ್ತು ವರ್ಷವಾದರೂ ಆ ಹಾಸಿಗೆ ಇನ್ನೂ ಗಟ್ಟಿಮುಟ್ಟಾಗಿದೆ.

ಅಂಬ್ರೀನಳಿಗೆ ಇರುವ ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಅಂಟು ರೋಗವಲ್ಲ, ಹುಟ್ಟಿನಿಂದಲೇ ಬಂದದ್ದು. ಎದೆಯಲ್ಲಿ ಕಫ ಗೋಂದಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಉಂಡದ್ದು ಅರಗಬೇಕಾದರೆ ಪ್ರತಿ ಊಟಕ್ಕೂ ಕ್ಯಾಪ್ಸೂಲ್ ನುಂಗಬೇಕು. ಮೈಯ ಉಪ್ಪೆಲ್ಲಾ ಬೆವರಿನಲ್ಲಿ ಹರಿದುಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಅವಳ ಕೊರಳಿನ ಮೇಲೆ ಬೆಳ್ಳಗೆ ಉಪ್ಪಿನ ಗೆರೆ ಎದ್ದದ್ದನ್ನು ನಾನೇ ನೋಡಿದ್ದೇನೆ. ಅವಳು ಕೂಸಾಗಿದ್ದಾಗ ತಾಯಿ ಹುಸೇನ್ ಬೀ ‘ಮಗೀಗೆ ಮುತ್ತು ಕೊಟ್ರೆ ತುಟಿ ಉಪ್ಪಾಗ್ತೈತೆ’ ಅಂತ ಹೋದ ಹೋದ ಡಾಕ್ಟರ ಮುಂದೆ ಹೇಳಿದ್ದಳು. ಎಲ್ಲರೂ ನಕ್ಕರು. ನಾನೂ ನಕ್ಕು ಒಂದು ಟಾನಿಕ್ ಬಾಟಲಿ ಕೊಟ್ಟು ಕಳಿಸಿದ್ದೆ. ಎರಡು ಸಲ ಟಿಬಿ ಗುಳಿಗೆ ನುಂಗಿಸಿದ್ದಾಯಿತು. ಹನ್ನೊಂದನೇ ವಯಸ್ಸಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೆವರು ಪರೀಕ್ಷೆ ಮಾಡಿದಾಗ, ತಾಯಿಯ ತುಟಿಗೆ ಮೊದಲೇ ಗೊತ್ತಿದ್ದದ್ದು ಕಾಗದದ ಮೇಲೆ ಬಂತು.

ಅವಳಿಗಿಂತ ಮುಂಚೆ ಒಬ್ಬ ಅಣ್ಣ ಹುಟ್ಟಿದ್ದ, ಜುಬೇರ್. ಅಂಬ್ರೀನ್ ಹುಟ್ಟುವ ಮೊದಲೇ, ಐದು ವರ್ಷದವನಿದ್ದಾಗ, ಮೂರು ದಿನ ಉಸಿರಿಗೆ ಒದ್ದಾಡಿ ಹೋಗಿಬಿಟ್ಟ. ನಿಮೋನಿಯಾ ಅಂದಿದ್ದರು. ಬೆಂಗಳೂರಿನ ಡಾಕ್ಟರು ಉಸ್ಮಾನ್ ಸಾಬರಿಗೆ ಎರಡು ಮಾತು ಹೇಳಿದರು. ಒಂದು, ಅರಳೆಯ ಧೂಳು ಮನೆಯೊಳಗೆ ಇರಕೂಡದು. ಇನ್ನೊಂದು, ದಿನಕ್ಕೆ ಎರಡು ಹೊತ್ತು ಮಗಳ ಬೆನ್ನು ತಟ್ಟಿ ಕಫ ಸಡಿಲ ಮಾಡಬೇಕು, ಬೊಗಸೆಯ ಹಾಗೆ ಕೈ ಬಾಗಿಸಿ. ಆ ವಾರವೇ ಬಿಲ್ಲು ಮಾರಿದರು. ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ವಿಂಗಡಿಸುವ ಕೆಲಸಕ್ಕೆ ಸೇರಿದರು. ಬೆರಳಿನಿಂದ ತಟ್ಟಿ, ಸದ್ದಿನಲ್ಲೇ ಇದು ಎಳೆಯದು, ಇದು ಬಲಿತದ್ದು, ಇದು ಒಳಗೆ ಕೆಟ್ಟದ್ದು ಅಂತ ಬೇರೆ ಮಾಡುವುದು. ವರ್ಷ ಕಳೆಯುವುದರೊಳಗೆ ಮಂಡಿಯಲ್ಲಿ ಅವರ ಕೈ ತಪ್ಪು ಹೇಳುವುದಿಲ್ಲ ಎಂಬ ಹೆಸರಾಯಿತು.

ಅಂದಿನಿಂದ ಹದಿನಾರು ವರ್ಷ, ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಅವರ ಓಣಿಯಲ್ಲಿ ಬೆಳಗಾಯಿತು ಅಂತ ಗೊತ್ತಾಗುತ್ತಿದ್ದದ್ದೇ ಆ ಸದ್ದಿನಿಂದ. ಹಿಂಜುವವನ ಕೈಗೆ ಒಂದು ತಾಳ ಇರುತ್ತದಲ್ಲ, ಅದೇ ತಾಳ. ಒಂದು ದಿನ ನಾನು ‘ಸಾಕಾಗಲ್ವೇ ಸಾಬ್ರೇ ಕೈಗೆ?’ ಅಂತ ಕೇಳಿದ್ದೆ. ‘ಒಬ್ಬನ್ನ ಬೆನ್ನು ತಟ್ಟದೆ ಕಳ್ಕಂಡೆ ಕಣಪ್ಪ ಮಾರುತೇಶ. ಗೊತ್ತಿರ್ಲಿಲ್ಲ. ಈಗ ಗೊತ್ತೈತೆ’ ಅಂದಿದ್ದರು. ಅದಾದ ಮೇಲೆ ನಾನು ಆ ಮಾತು ಎತ್ತಲಿಲ್ಲ.

ಹುಸೇನ್ ಬೀ ತೀರಿಕೊಂಡು ಆರು ವರ್ಷವಾಯಿತು. ಆಮೇಲೆ ಆ ಮನೆಯಲ್ಲಿ ಮಾತು ಕಡಿಮೆ. ಅಪ್ಪ ಮಗಳು ಜಗಳವಾಡಿದವರಲ್ಲ, ಅವರಿಗೆ ಮಾತೇ ಬರುವುದಿಲ್ಲ ಅಷ್ಟೆ.

ಈ ಕಾಯಿಲೆಯ ಬಗ್ಗೆ ತಿಳಿದವರು ಉಸಿರಿನ ಬಗ್ಗೆ ಕೇಳುತ್ತಾರೆ. ನೋವಿನ ಬಗ್ಗೆ ಯಾರೂ ಕೇಳುವುದಿಲ್ಲ. ಅಂಬ್ರೀನಳನ್ನು ನಾನೂ ಬಹಳ ವರ್ಷ ಕೇಳಿರಲಿಲ್ಲ. ಕೇಳಿದ ದಿನ ಅವಳು ಮಾರ್ಕೆಟ್ಟಿನಲ್ಲಿ ತರಕಾರಿ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದಳು. ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಳ್ಳುವ ನೋವು ಒಂದು. ಕೆನ್ನೆಯ ಹಿಂದೆ, ಕಣ್ಣಿನ ಕೆಳಗೆ ಭಾರ ಇಟ್ಟಂಥ ತಲೆನೋವು. ಹೊಟ್ಟೆ ಕಟ್ಟಿಕೊಂಡು ಬಲಗಡೆ ಕಿವುಚುವುದು. ಚಳಿಗಾಲದಲ್ಲಿ ಮಂಡಿ, ಹಿಮ್ಮಡಿ ಊದಿಕೊಂಡು ಎರಡು ದಿನ ಎದ್ದು ನಿಲ್ಲಲಾಗದಂಥದ್ದು. ಬೆರಳ ತುದಿಗಳು ದಪ್ಪಗೆ ಉಬ್ಬಿದ್ದವು, ಅವೇ ಬೆರಳಲ್ಲಿ ಕುಚ್ಚಿನ ಎಳೆ ಎಣಿಸಿ ಗಂಟು ಹಾಕಬೇಕು. ‘ಒಂದೊಂದಕ್ಕೂ ಒಂದೊಂದು ಉಪಾಯ ಮಾಡ್ಕಂಡಿದೀನಿ ಅಣ್ಣ’ ಅಂದಳು. ಹೊಟ್ಟೆಗೆ ಬಿಸಿನೀರಿನ ಚೀಲ. ಮಂಡಿಗೆ ಬೆಳಗಿನ ಬಿಸಿಲು. ಪಕ್ಕೆಗೆ ಒಂದು ಪುಟ್ಟ ದಿಂಬು. ಕೆಮ್ಮು ಬರುವ ಮುಂಚೆ ಅದನ್ನು ಎದೆಗೆ ಗಟ್ಟಿಯಾಗಿ ಅವುಚಿಕೊಂಡರೆ ಪಕ್ಕೆ ಅಷ್ಟು ಅಲುಗುವುದಿಲ್ಲವಂತೆ. ಉಸ್ಮಾನ್ ಸಾಬರು ಬಿಲ್ಲು ಮಾರುವ ಮುಂಚೆ ಹಿಂಜಿದ ಕೊನೆಯ ಅರಳೆ ಅದರೊಳಗಿತ್ತು. ಧೂಳು ಬಾರದಂತೆ ಮೂರು ಪದರ ದಪ್ಪ ಬಟ್ಟೆ ಹಾಕಿ ಹೊಲಿದಿದ್ದರು.

‘ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?’ ಅಂತ ಆಸ್ಪತ್ರೆಯಲ್ಲಿ ಕೇಳುತ್ತಾರೆ. ಅಂಬ್ರೀನ್ ಡಾಕ್ಟರಿಗೆ ಐದು ಅನ್ನುವಳು. ಅಪ್ಪನಿಗೆ ಎರಡು. ನನ್ನ ಕೌಂಟರಿಗೆ ಬಂದಾಗ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳುವಳು. ಯಾಕಮ್ಮ ನನಗೆ ಮಾತ್ರ ಅಂದರೆ, ‘ನಿಮಗೆ ಹೇಳಿದ್ರೆ ನೀವು ಅಳಲ್ಲ, ಬೈತೀರಿ. ಅದೇ ವಾಸಿ’ ಅಂತ ನಕ್ಕಳು. ನಕ್ಕರೆ ಕೆಮ್ಮು ಬರುತ್ತದೆ ಅವಳಿಗೆ. ಆಗ ಅಂಗಡಿಯಲ್ಲಿ ನಿಂತಿದ್ದ ಗಿರಾಕಿಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಟಿಬಿ ಅಂತ ಒಮ್ಮೆ ಬಿದ್ದ ಹೆಸರು, ಅದಲ್ಲವೆಂದು ಗೊತ್ತಾಗಿ ಹದಿನಾರು ವರ್ಷವಾದರೂ ಹೋಗಿಲ್ಲ. ಸೀರೆ ತರುವ ಹೆಂಗಸರು ಅವಳ ಮನೆಯೊಳಗೆ ಬರುವುದಿಲ್ಲ, ಕಿಟಕಿಯ ಸರಳಿಗೆ ಸೀರೆಯ ಚೀಲ ತೂಗುಹಾಕಿ ಹೊರಗಿನಿಂದಲೇ ಕೂಗಿ ಹೋಗುತ್ತಾರೆ. ಕುಚ್ಚು ಕಟ್ಟಿದ ಸೀರೆಯನ್ನು ಒಂದು ಹಗಲು ಬಿಸಿಲಿಗೆ ಹಾಕಿ ಆಮೇಲೆ ಉಡುತ್ತಾರೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅವಳು ಆಸ್ಪತ್ರೆಗೆ ಹೋಗುವ ಚಿತ್ರದುರ್ಗದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೂ ಅಂಬ್ರೀನಳ ಪಕ್ಕದ ಸೀಟು ಖಾಲಿ. ‘ಸರ್ಕಾರ ನಂಗೆ ಎರಡು ಸೀಟು ಫ್ರೀ ಕೊಟ್ಟೈತೆ’ ಅನ್ನುವಳು. ನನಗೆ ನಗು ಬರಲಿಲ್ಲ, ಆ ಬಸ್ಸಿನವರ ಮೇಲೆ ಸಿಟ್ಟು ಬಂತು.

ಚಿತ್ರದುರ್ಗದಲ್ಲಿ ಕಾವ್ಯಶ್ರೀ ಅಂತ ಒಬ್ಬ ಫಿಸಿಯೋಥೆರಪಿ ಮೇಡಂ ಇದ್ದಾರೆ. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ, ಮಾತು ನೆಟ್ಟಗೆ. ಎರಡು ವರ್ಷದ ಹಿಂದೆ ಅವರು ಅಂಬ್ರೀನಳಿಗೆ ಒಂದು ಉಸಿರಾಟದ ಕ್ರಮ ಕಲಿಸಿಕೊಟ್ಟರು. ಮೊದಲು ಸಣ್ಣ ಸಣ್ಣ ಉಸಿರು, ಆಮೇಲೆ ಮಧ್ಯಮ, ಆಮೇಲೆ ದೊಡ್ಡದು, ಕೊನೆಗೆ ಕನ್ನಡಿಗೆ ಆವಿ ಹಿಡಿಸುವವರ ಹಾಗೆ ಬಾಯಿ ತೆರೆದು ‘ಹಾ’ ಅನ್ನುವುದು. ಕಫ ತಾನಾಗಿ ಮೇಲೆ ಬರುತ್ತದೆ. ಯಾರೂ ಬೆನ್ನು ತಟ್ಟಬೇಕಿಲ್ಲ, ಯಾರೂ ಜೊತೆಗಿರಬೇಕಿಲ್ಲ. ಅಂಬ್ರೀನ್ ಒಂದೇ ವಾರದಲ್ಲಿ ಕಲಿತಳು. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಉಸ್ಮಾನ್ ಸಾಬರು ಎಂದಿನಂತೆ ತಟ್ಟುತ್ತಲೇ ಇದ್ದರು.

ಕಳೆದ ಶ್ರಾವಣದಲ್ಲಿ ಕೆಮ್ಮು ಜೋರಾಗಿ ಅವಳ ಎಡಗಡೆಯ ಪಕ್ಕೆಲುಬು ಬಿರುಕು ಬಿಟ್ಟಿತು. ಈ ಕಾಯಿಲೆಯಲ್ಲಿ ಮೂಳೆಯೂ ಸವೆದಿರುತ್ತದೆ. ಎಕ್ಸರೇ ನೋಡಿದ ಕಾವ್ಯಶ್ರೀ ಮೇಡಂ, ವಾಸಿಯಾಗುವವರೆಗೆ ಅಲ್ಲಿ ಒಂದು ಪೆಟ್ಟೂ ಬೀಳಕೂಡದು ಅಂತ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಇದನ್ನೂ ಅವಳು ಮನೆಯಲ್ಲಿ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಇಷ್ಟೇ. ಪ್ಯಾರಾಸಿಟಮಾಲ್ ಒಯ್ಯುತ್ತಿದ್ದವಳು ಬರುಬರುತ್ತಾ ವಾರಕ್ಕೆರಡು ಸಲ ಬರತೊಡಗಿದಳು. ಒಂದು ದಿನ ಬಂದು, ಇದು ಸಾಲುತ್ತಿಲ್ಲ, ಜೋರು ಗುಳಿಗೆ ಕೊಡಿ ಅಂದಳು.

‘ಎದೆ ಸೋಂಕಿಗೆ ಆಸ್ಪತ್ರೇಲಿ ನಿನಗೆ ಕೊಡ್ತಿರೋ ಇಂಜೆಕ್ಷನ್ನೂ ಆ ಗುಳಿಗೆನೂ ಕೂಡಿದ್ರೆ ಕಿಡ್ನಿ ಹೋಗ್ತಾವೆ. ಡಾಕ್ಟ್ರ ಚೀಟಿ ತಾ’ ಅಂದೆ.

‘ಒಂದೇ ಸ್ಟ್ರಿಪ್ ಅಣ್ಣ. ಬೆಳಗ್ಗೆ ಒಂದು, ಸಂಜೆ ಒಂದು. ಅಪ್ಪ ತಟ್ಟೋಕೆ ಅರ್ಧ ಗಂಟೆ ಮುಂಚೆ ನುಂಗಿದ್ರೆ ಸಾಕು.’

ಆಮೇಲೆ ಒಂದೊಂದೇ ಹೊರಬಂತು. ಪಕ್ಕೆಲುಬು, ಎಕ್ಸರೇ, ಎರಡು ವರ್ಷದ ಉಸಿರಾಟದ ಕ್ರಮ. ಒಡೆದ ಎಲುಬಿನ ಮೇಲೆ ನಾಲ್ಕು ವಾರ, ದಿನಕ್ಕೆ ಎರಡು ಹೊತ್ತು ಪೆಟ್ಟು ತಿಂದು, ದಿಂಬಿಗೆ ಹಲ್ಲು ಕಚ್ಚಿಕೊಂಡು, ಅಪ್ಪ ‘ನೋವೈತಾ?’ ಅಂದರೆ ‘ಎರಡು’ ಅಂದಿದ್ದಾಳೆ ಈ ಮಹಾತಾಯಿ.

‘ಈಗ ಎಷ್ಟು?’ ಅಂದೆ.

‘ಎಂಟು’ ಅಂದಳು.

ನನಗೆ ಮೈಯೆಲ್ಲಾ ಉರಿದುಹೋಯಿತು. ಗುಳಿಗೆ ಕೊಡಲಿಲ್ಲ, ಬೈದು ಕಳಿಸಿದೆ. ಕೋಪ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಂದು ಮಧ್ಯಾಹ್ನ ಉಸ್ಮಾನ್ ಸಾಬರು ಮಂಡಿಯಿಂದ ಹೋಗುತ್ತಾ, ದಿನದಂತೆ ಅಂಗಡಿಯ ಮುಂದೆ ನಿಂತು ‘ಏನಪ್ಪ ಮಾರುತೇಶ, ಊಟ ಆಯ್ತಾ?’ ಅಂದರು. ನಾನು ಹಿಂದೆ ಮುಂದೆ ನೋಡದೆ ಅಂದುಬಿಟ್ಟೆ. ‘ನಿಮ್ಮ ಮಗಳು ನಿಮ್ಮ ಕೈಗೆ ಹೆದರಿ ಗುಳಿಗೆ ನುಂಗ್ತಾವ್ಳೆ ಸಾಬ್ರೇ. ಮುರಿದ ಪಕ್ಕೆ ಮೇಲೆ ತಟ್ತಾ ಇದೀರಿ. ಎರಡು ವರ್ಷದಿಂದ ಆ ತಟ್ಟೋದು ಬೇಕಾಗೇ ಇಲ್ಲ.’

ಅವರು ಎರಡೂ ಕೈ ಎತ್ತಿ ಅಂಗೈ ನೋಡಿಕೊಂಡರು. ಆಮೇಲೆ ಪಂಚೆಗೆ ಒರೆಸಿಕೊಂಡರು, ಏನೋ ಅಂಟಿದೆಯೇನೋ ಎಂಬಂತೆ. ಹೋಗಿಬಿಟ್ಟರು.

ಮರುದಿನದಿಂದ ಅವರ ಮನೆಯಲ್ಲಿ ಸದ್ದು ನಿಂತಿತು. ನಾನು ಒಳ್ಳೆಯ ಕೆಲಸ ಮಾಡಿದೆನೆಂದು ಬೀಗುತ್ತಿದ್ದೆ. ಸುಳ್ಳು ಯಾಕೆ, ಒಂದು ವಾರ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಹನ್ನೊಂದನೇ ದಿನ ಅಂಬ್ರೀನ್ ಅಂಗಡಿಗೆ ಬಂದಳು. ಗಿರಾಕಿ ಯಾರೂ ಇರಲಿಲ್ಲ. ಕೌಂಟರಿಗೆ ಎರಡೂ ಕೈ ಊರಿ ನಿಂತಳು. ಅವಳ ಕೋಪ ನಾನು ನೋಡಿದ್ದು ಅದೇ ಮೊದಲು.

‘ಅಪ್ಪಂಗೆ ಹೇಳ್ರಿ ಅಂತ ಯಾರು ಹೇಳಿದ್ರು ನಿಮಗೆ?’

‘ನೋವು ಕಮ್ಮಿ ಆಯ್ತೋ ಇಲ್ವೋ?’ ಅಂದೆ ನಾನು, ನನ್ನ ಎಂದಿನ ಗತ್ತಿನಲ್ಲಿ.

‘ಆಯ್ತು. ಎಂಟಿದ್ದದ್ದು ಐದಾಗೈತೆ. ಸಂತೋಷನಾ?’ ಅಂದಳು. ಉಸಿರು ಎಳೆದುಕೊಂಡು ಮತ್ತೆ ಅಂದಳು. ‘ಅಮ್ಮ ಹೋದ ಮ್ಯಾಲೆ ನನ್ನ ಮುಟ್ಟೋರು ಯಾರವ್ರೆ ಅಣ್ಣ? ಸೀರೆ ಕೊಡೋರು ಕಿಟಕಿಗೆ ನೇತುಹಾಕ್ತಾರೆ. ಬಸ್ನಾಗೆ ಪಕ್ಕ ಕೂರಲ್ಲ. ಡಾಕ್ಟ್ರು ಗ್ಲೌಸ್ ಹಾಕ್ಕಂತಾರೆ. ದಿನಕ್ಕೆ ನಲವತ್ತು ನಿಮಿಷ ಅಪ್ಪನ ಕೈ ನನ್ನ ಮೈ ಮ್ಯಾಲೆ ಇರ್ತಿತ್ತು. ಅಷ್ಟೇ ಇದ್ದದ್ದು ನಂಗೆ. ಅದಕ್ಕೆ ಎಂಟು ಆದ್ರೇನು, ಹತ್ತಾದ್ರೇನು? ಈಗ ಅಪ್ಪ ನನ್ನ ಹತ್ರಾನೇ ಬರಲ್ಲ. ತಟ್ಟೆ ಇಟ್ಟು ದೂರ ಕುಂತ್ಕಂತಾರೆ. ನೀರಿನ ಲೋಟ ಕೈಗೆ ಕೊಡಲ್ಲ, ನೆಲದ ಮ್ಯಾಲೆ ಇಡ್ತಾರೆ.’

ಒಂಬತ್ತು ವರ್ಷದಿಂದ ಒಂಟಿ ಮನೆಯಲ್ಲಿ ಮಲಗಿ ಏಳುವ ನನಗೆ ಇದು ಹೊಳೆಯಬೇಕಿತ್ತು. ಚಿಲ್ಲರೆ ಕೊಡುವಾಗ ಗಿರಾಕಿಯ ಬೆರಳು ತಾಗಿದ್ದು ಬಿಟ್ಟರೆ ನನ್ನನ್ನಾದರೂ ಯಾರು ಮುಟ್ಟಿದ್ದಾರೆ? ಔಷಧಿಯ ಪೆಟ್ಟಿಗೆಗಳ ನಡುವೆ ಕೂತು ಕೂತು, ನೋವು ಕಡಿಮೆಯಾಗುವುದೊಂದೇ ಮನುಷ್ಯನಿಗೆ ಬೇಕಾದದ್ದು ಅಂತ ನಂಬಿಬಿಟ್ಟಿದ್ದೆ. ನಾಚಿಕೆಯಾಯಿತು.

‘ಅಪ್ಪಂಗೆ ಇದನ್ನ ಹೇಳಮ್ಮ’ ಅಂದೆ.

‘ಹೆಂಗೆ ಹೇಳ್ಲಿ? ಮುಟ್ಟು ಅಂತ ಕೇಳಬೇಕಾ ಅಪ್ಪನ್ನ?’ ಅಂದಳು. ‘ನೀವೂ ಹೇಳಬ್ಯಾಡ್ರಿ. ಒಂದು ಸಲ ಹೇಳಿದ್ದೇ ಸಾಕು.’ ಕ್ಯಾಪ್ಸೂಲಿನ ಡಬ್ಬಿ ತೆಗೆದುಕೊಂಡು ಹೋದಳು.

ಆ ಮಾತನ್ನು ನಾನು ಉಳಿಸಿಕೊಂಡೆ. ಆದರೆ ಉಸ್ಮಾನ್ ಸಾಬರು ಮಂಡಿಯಿಂದ ಹೋಗುವ ಹೊತ್ತಿಗೆ ಅಂಗಡಿ ಇಳಿದು ರಸ್ತೆಯಲ್ಲೇ ಅಡ್ಡ ನಿಂತೆ. ಹನ್ನೊಂದು ದಿನದಿಂದ ಅವರು ರಸ್ತೆಯ ಆಚೆ ಬದಿಯಲ್ಲಿ ನಡೆದು ಹೋಗುತ್ತಿದ್ದರು. ‘ಬುಧವಾರ ಅಂಬ್ರೀನ್ ದುರ್ಗಕ್ಕೆ ಹೋಗ್ತಾಳೆ. ಈ ಸಲ ನೀವೂ ಹೋಗ್ರಿ’ ಅಂದೆ.

‘ನಾನು ಯಾಕಪ್ಪ? ಇರೋ ಎಲುಬು ಮುರಿಯಾಕಾ?’ ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

‘ಎಲುಬು ಮುರಿದಿದ್ದು ಕೆಮ್ಮು, ನಿಮ್ಮ ಕೈಯಲ್ಲ. ನಾನು ಅವತ್ತು ಆಡಿದ್ದು ತಪ್ಪು ಸಾಬ್ರೇ. ಸುಮ್ನೆ ಬಸ್ನಾಗೆ ಪಕ್ಕ ಕುಂತ್ಕಳಾಕಾದ್ರೂ ಹೋಗ್ರಿ’ ಅಂದೆ. ಜೀವನದಲ್ಲಿ ನಾನು ತಪ್ಪು ಅಂತ ಒಪ್ಪಿಕೊಂಡದ್ದು ಕಡಿಮೆ, ಅದಕ್ಕೋ ಏನೋ ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಬುಧವಾರ ಬೆಳಗ್ಗೆ ಅಪ್ಪ ಮಗಳು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದದ್ದನ್ನು ಅಂಗಡಿಯಿಂದ ನೋಡಿದೆ. ಮಗಳು ಮುಂದೆ, ಅಪ್ಪ ನಾಲ್ಕು ಹೆಜ್ಜೆ ಹಿಂದೆ.

ಅಲ್ಲಿ ಏನಾಯಿತು ಅನ್ನುವುದನ್ನು ಕಾವ್ಯಶ್ರೀ ಮೇಡಂ ಫೋನಿನಲ್ಲಿ ಹೇಳಿದರು. ನೋವಿಗೆ ಡಾಕ್ಟರಿಂದಲೇ ಸರಿಯಾದ ಔಷಧಿ ಬರೆಸಿದ್ದರು, ಯಾವಾಗ ಎಷ್ಟು ಅಂತ. ‘ಅವರಪ್ಪ ಬಾಗಿಲ ಹತ್ತಿರಾನೇ ನಿಂತಿದ್ರು ಸರ್, ಕೈ ಹಿಂದೆ ಕಟ್ಕೊಂಡು’ ಅಂದರು. ಮೇಡಂ ಅವರನ್ನು ಒಳಗೆ ಕರೆದು, ಅವರ ಕೈ ಬಿಡಿಸಿ, ಮಗಳ ಬೆನ್ನಿನ ಬಲಗಡೆ ಇಟ್ಟರಂತೆ. ತಟ್ಟಬೇಡಿ, ಸುಮ್ಮನೆ ಇಟ್ಟುಕೊಂಡಿರಿ, ಕಫ ಎಲ್ಲಿದೆ, ಎಲ್ಲಿಂದ ಹೊರಟಿತು ಅನ್ನೋದು ಅಂಗೈಗೆ ತಿಳಿಯುತ್ತೆ ಅಂದರಂತೆ.

ಮುಂದಿನ ಶುಕ್ರವಾರ ಬೆಂಗಳೂರಿನಿಂದ ಕ್ಯಾಪ್ಸೂಲಿನ ಪಾರ್ಸೆಲ್ ಬಂತು. ಅವಳೇ ಬಂದು ಒಯ್ಯುತ್ತಿದ್ದಳು. ಆದರೆ ನಾನು ಅಂಗಡಿ ತೆಗೆಯುವ ಮುಂಚೆ ಅದನ್ನು ಹಿಡಿದುಕೊಂಡು ಅವರ ಓಣಿಗೆ ಹೋದೆ. ಬಾಗಿಲು ತೆರೆದಿತ್ತು. ಅಂಬ್ರೀನ್ ಗೋಡೆಯ ಪಕ್ಕ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು, ಮಡಿಲಲ್ಲಿ ಆ ಪುಟ್ಟ ದಿಂಬು. ಹಿಂದೆ ಉಸ್ಮಾನ್ ಸಾಬರು ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು. ‘ಬಾರಪ್ಪ, ಕುಂತ್ಕ’ ಅಂದರು, ತಿರುಗಿ ನೋಡದೆ. ಅವರ ಬಲಗೈ ಮಗಳ ಬೆನ್ನ ಮೇಲಿತ್ತು. ತಟ್ಟುತ್ತಿರಲಿಲ್ಲ.

ಸಣ್ಣ ಉಸಿರು, ಸಣ್ಣ ಉಸಿರು. ಅವರ ಅಂಗೈ ಒಂದು ಬೆರಳಿನಷ್ಟು ಕೆಳಗೆ ಸರಿಯಿತು. ‘ಇಲ್ಲೈತೆ’ ಅಂದರು. ಅವಳು ಉಸಿರು ದೊಡ್ಡದು ಮಾಡಿದಳು. ‘ಹೊಂಟೈತೆ’ ಅಂದರು. ಮಂಡಿಯಲ್ಲಿ ಕಾಯಿ ತಟ್ಟುವಾಗ ಕಣ್ಣು ಮುಚ್ಚುವ ಹಾಗೆ ಕಣ್ಣು ಮುಚ್ಚಿದ್ದರು. ಅವಳು ‘ಹಾ’ ಅಂದಳು, ಮತ್ತೊಮ್ಮೆ ‘ಹಾ’. ಕೆಮ್ಮು ಬಂತು. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿ, ಬಟ್ಟಲಿಗೆ ಉಗುಳಿ, ತಲೆ ತಗ್ಗಿಸಿ ಕೂತಳು.

‘ನೋವೈತಾ? ಎಷ್ಟು?’ ಕೇಳಿದರು ಉಸ್ಮಾನ್ ಸಾಬರು.

‘ಎರಡು’ ಅಂದಳು, ಹದಿನಾರು ವರ್ಷದ ಅಭ್ಯಾಸದಂತೆ.

ಕೈ ಅಲ್ಲೇ ಇತ್ತು. ಕೆಮ್ಮಿಗೆ ಪಕ್ಕೆ ಎಷ್ಟು ಬಿಗಿದುಕೊಂಡಿದೆ ಅಂತ ಅಂಗೈಯಲ್ಲೇ ನೋಡುತ್ತಿದ್ದರು.

‘ಎರಡಲ್ಲ, ಏಳು’ ಅಂದರು ಉಸ್ಮಾನ್ ಸಾಬರು.

ಅಂಬ್ರೀನ್ ತಟಕ್ಕನೆ ನನ್ನ ಕಡೆ ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ನಾನು ಹೇಳಿರಲಿಲ್ಲ, ನನಗೆ ಗೊತ್ತೂ ಇರಲಿಲ್ಲ. ಅವಳು ಬೆನ್ನನ್ನು ಸ್ವಲ್ಪ ಹಿಂದಕ್ಕೆ, ಅಪ್ಪನ ಅಂಗೈಗೆ ಒರಗಿಸಿದಳು.

‘ಏಳೂವರೆ, ಅಪ್ಪಾ’ ಅಂದಳು.